ಕುದುರೆ ಸಾಕಿದವರ ಲಾಳದ ಲೆಕ್ಕ

ಕುದುರೆ ಸಾಕಿದವರು ನನ್ನ ಹತ್ತಿರ ಎರಡು ಖರ್ಚಿನ ಬಗ್ಗೆ ಹೇಳಿಕೊಳ್ಳುತ್ತಾರೆ. ಒಂದು ಮೇವು, ಇನ್ನೊಂದು ಲಾಳ. ಮೇವಿನ ಬೆಲೆ ಎಷ್ಟೇ ಏರಲಿ, ಯಾರೂ ಕುದುರೆಯನ್ನು ಉಪವಾಸ ಕೆಡವುವುದಿಲ್ಲ. ಸಾಲ ಮಾಡಿಯಾದರೂ ಹುಲ್ಲು ತಂದು ಹಾಕುತ್ತಾರೆ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಲಾಳಕ್ಕೆ. "ಲಾಳ ಇನ್ನೂ ಗಟ್ಟಿಯಾಗೇ ಇದೆ ಡಾಕ್ಟ್ರೇ, ಇನ್ನೊಂದು ಹದಿನೈದು ದಿನ ಹೋಗ್ಲಿ" ಅನ್ನುತ್ತಾರೆ. ಈ ಮಾತನ್ನು ಟಾಂಗಾ ಓಡಿಸುವವರಿಂದಲೂ ಕೇಳಿದ್ದೇನೆ, ತೋಟದ ಮನೆಯಲ್ಲಿ ಆಸೆಪಟ್ಟು ಮಾರ್ವಾಡಿ ಕುದುರೆ ಕಟ್ಟಿಕೊಂಡವರಿಂದಲೂ ಕೇಳಿದ್ದೇನೆ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಹದಿನೈದು ದಿನದ ಸುತ್ತಲೇ ಇದೆ. ಲಾಳದ ಖರ್ಚು ತಗ್ಗಿಸಲು ದಾರಿಗಳಿವೆ, ಒಂದೊಂದಾಗಿ ಹೇಳುತ್ತೇನೆ. ದಿನ ಮುಂದೂಡುವುದು ಮಾತ್ರ ಅವುಗಳಲ್ಲಿ ಸೇರುವುದಿಲ್ಲ.

ಮೊದಲು ಗೊರಸಿನ ಒಳಗೆ ಏನು ನಡೆಯುತ್ತದೆ ನೋಡೋಣ. ಗೊರಸು ನಮ್ಮ ಉಗುರಿನಂಥದ್ದೇ. ಉಗುರಿನಲ್ಲಿರುವ ಕೆರಟಿನ್ ಎಂಬ ವಸ್ತುವೇ ಇದರಲ್ಲೂ ಇದೆ, ಹಾಗೆಯೇ ದಿನವೂ ಬೆಳೆಯುತ್ತದೆ. ತಿಂಗಳಿಗೆ 6ರಿಂದ 10 ಮಿಲಿಮೀಟರ್. ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಲ್ಲಿ ಇವತ್ತು ಹುಟ್ಟಿದ ಗೊರಸು ಮುಂತುದಿಯಲ್ಲಿ ನೆಲ ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷವಾಗಿರುತ್ತದೆ. ಲಾಳವಿಲ್ಲದ ಕುದುರೆ ಒರಟು ನೆಲದಲ್ಲಿ ಓಡಾಡಿದರೆ ಬೆಳೆದಷ್ಟೂ ಸವೆಯುತ್ತದೆ. ಕಬ್ಬಿಣ ಹೊಡೆದ ಮೇಲೆ ಸವೆಯುವುದು ಲಾಳ, ಗೊರಸಲ್ಲ. ಅಂದರೆ ಲಾಳ ಗಟ್ಟಿಯಾಗಿದೆ ಎನ್ನುವುದು ಇನ್ನೂ ಕಾಯಬಹುದು ಎನ್ನುವುದಕ್ಕೆ ಆಧಾರವೇ ಅಲ್ಲ. ಲಾಳ ಎಷ್ಟು ಗಟ್ಟಿಯಾಗಿ ಕೂತಿದ್ದರೂ ಅದರ ಮೇಲಿನ ಗೊರಸು ಬೆಳೆಯುತ್ತಲೇ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮುಂದಿನ ಸಲ ಹಳೆಯ ಲಾಳ ಕಿತ್ತಾಗ ಅದನ್ನು ಎಸೆಯುವ ಮೊದಲು ತಿರುಗಿಸಿ, ಗೊರಸಿಗೆ ಅಂಟಿಕೊಂಡಿದ್ದ ಮಗ್ಗುಲನ್ನು ನೋಡಿ. ಹಿಂದಿನ ಎರಡೂ ತುದಿಗಳ ಹತ್ತಿರ ಕಬ್ಬಿಣ ಫಳಫಳ ಹೊಳೆಯುತ್ತಿರುತ್ತದೆ. ಬೆರಳಾಡಿಸಿದರೆ ಸಣ್ಣ ತಗ್ಗು ಕೈಗೆ ಸಿಗುತ್ತದೆ. ಪ್ರತಿ ಹೆಜ್ಜೆಗೂ ಗೊರಸಿನ ಹಿಂಭಾಗ ಕೂದಲೆಳೆಯಷ್ಟು ಅಗಲಗೊಂಡು ಮತ್ತೆ ಕುಗ್ಗುತ್ತದೆ, ಆಗ ಹಿಮ್ಮಡಿ ಲಾಳದ ಮೇಲೆ ಉಜ್ಜಿ ಆ ತಗ್ಗು ಬೀಳುತ್ತದೆ. ಕಬ್ಬಿಣವೇ ಸವೆದಿದೆ ಎಂದ ಮೇಲೆ ಹಿಮ್ಮಡಿ ಎಷ್ಟು ಸವೆದಿರಬೇಕು ಯೋಚಿಸಿ. ಮುಂಭಾಗದಲ್ಲಿ ಮೊಳೆ ಹಿಡಿದಿರುವುದರಿಂದ ಅಲ್ಲಿ ಉಜ್ಜುವುದೇ ಇಲ್ಲ. ಹೀಗಾಗಿ ವಾರ ಕಳೆದಂತೆ ಮುಂಭಾಗ ಉದ್ದವಾಗುತ್ತದೆ, ಹಿಮ್ಮಡಿ ತಗ್ಗುತ್ತದೆ, ಲಾಳ ಗೊರಸಿನ ಜೊತೆ ಮುಂದಕ್ಕೆ ಸರಿಯುತ್ತದೆ. ಕಾಲಿನ ಹಿಂಬದಿಯ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ನಾರು, ಹೆಜ್ಜೆಹೆಜ್ಜೆಗೂ ಹೆಚ್ಚು ಜಗ್ಗುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ತೆಗೆದು ಗೊರಸು ಕತ್ತರಿಸಿ ಮತ್ತೆ ಕಟ್ಟಬೇಕು ಎನ್ನುವುದು ಇದಕ್ಕೇ. ಹಿಮ್ಮಡಿ ಗಟ್ಟಿ ಇರುವ, ಕೆಲಸ ಕಡಿಮೆ ಇರುವ ಕುದುರೆ ಎಂಟು ವಾರದವರೆಗೂ ತಡೆಯಬಹುದು. ಅದನ್ನು ಗೊರಸು ನೋಡಿ ತೀರ್ಮಾನಿಸಬೇಕು, ಜೇಬು ನೋಡಿ ಅಲ್ಲ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಊರಿಂದೂರಿಗೆ, ಕೆಲಸಗಾರರಿಂದ ಕೆಲಸಗಾರರಿಗೆ ದರ ಬೇರೆ. ಲೆಕ್ಕ ಸುಲಭವಾಗಲಿ ಎಂದು ನಾಲ್ಕು ಕಾಲಿಗೆ ಲಾಳ ಕಟ್ಟಲು 2,000 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ, ನೀವು ಆ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಳ್ಳಿ. ವರ್ಷಕ್ಕೆ 52 ವಾರ. ಆರು ವಾರಕ್ಕೊಮ್ಮೆ ಕರೆಸಿದರೆ ಮೂರು ವರ್ಷಕ್ಕೆ 26 ಸಲ ಆಗುತ್ತದೆ. ಎಂಟು ವಾರಕ್ಕೊಮ್ಮೆ ಎಂದರೆ ಮೂರು ವರ್ಷಕ್ಕೆ ಹತ್ತೊಂಬತ್ತೂವರೆ. ಆರೂವರೆ ಸಲದ ವ್ಯತ್ಯಾಸ, ಅಂದರೆ 13,000 ರೂಪಾಯಿ. ವರ್ಷಕ್ಕೆ ಹಂಚಿದರೆ ನಾಲ್ಕು ಸಾವಿರದ ಮುನ್ನೂರು ಚಿಲ್ಲರೆ. ಪ್ರತಿ ಸಲವೂ ಹದಿನೈದು ದಿನ ತಳ್ಳಿ ನೀವು ಉಳಿಸುವುದು ಇಷ್ಟೇ. ಅದೇ ಕುದುರೆಯ ಹೊಟ್ಟೆಗೆ ದಿನಕ್ಕೆ 250 ರೂಪಾಯಿ ಎಂದರೆ ವರ್ಷಕ್ಕೆ 91,250 ಆಗುತ್ತದೆ.

ಇನ್ನೊಂದು ಕಡೆಯ ಲೆಕ್ಕ ನೋಡಿ. ಉದ್ದ ಬೆಳೆದ ಗೊರಸು ಸೀಳಿತು, ಸೀಳಿದಲ್ಲಿ ಮಣ್ಣು ಸೇರಿ ಒಳಗೆ ಕೀವು ತುಂಬಿತು ಎನ್ನಿ. ಕೀವು ತೆಗೆದು, ಪಟ್ಟಿ ಕಟ್ಟಿ, ಗಾಯ ಒಣಗಿ ಮತ್ತೆ ಲಾಳ ಕಟ್ಟುವವರೆಗೆ ಎರಡು ವಾರ ಕುದುರೆ ಲಾಯದಲ್ಲೇ ನಿಲ್ಲಬೇಕು. ಟಾಂಗಾದಿಂದ ದಿನಕ್ಕೆ 800 ರೂಪಾಯಿ ಕೈಗೆ ಬರುತ್ತದೆ ಎಂದು ಹಿಡಿದರೂ ಹದಿನೈದು ದಿನಕ್ಕೆ 12,000. ನನ್ನ ಫೀಸು, ಔಷಧದ ಖರ್ಚು ಬೇರೆ. ಮೂರು ವರ್ಷ ಕಷ್ಟಪಟ್ಟು ತಳ್ಳಿ ಉಳಿಸಿದ್ದು ಒಂದೇ ಗಾಯಕ್ಕೆ ಹೋಯಿತು. ದಸರಾ ಸಮಯದಲ್ಲಿ ಹೀಗಾದರೆ ಆ ಮನೆಯವರ ಪಾಡೇನು ಎಂದು ಇಲ್ಲಿರುವ ಟಾಂಗಾದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಸ್ನಾಯುರಜ್ಜಿಗೆ ಏಟಾದರೆ ಕಥೆ ವಾರಗಳಲ್ಲಿ ಮುಗಿಯುವುದಿಲ್ಲ, ತಿಂಗಳುಗಳೇ ಬೇಕು.

ಲಾಳದವರಿಗೆ ಕೊಡುವ ದುಡ್ಡಿನಲ್ಲಿ ಕಬ್ಬಿಣದ ಪಾಲು ಚಿಕ್ಕದು. ಹಾಗಾದರೆ ಉಳಿದದ್ದು ಯಾತಕ್ಕೆ? ಲಾಳದ ಮೊಳೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅದು ಬಡಗಿಯ ಮೊಳೆಯಲ್ಲ. ಚಪ್ಪಟೆಯಾಗಿರುತ್ತದೆ, ತುದಿಯಲ್ಲಿ ಒಂದು ಬದಿ ಮಾತ್ರ ಓರೆಯಾಗಿರುತ್ತದೆ. ಆ ಓರೆ ಗೊರಸಿನ ಒಳಮಗ್ಗುಲಿಗೆ ಬರುವಂತೆ ಹಿಡಿದು ಹೊಡೆದರೆ ಮೊಳೆ ಮೇಲೇರುತ್ತಾ ಹೊರಕ್ಕೆ ಬಾಗಿ, ಲಾಳದಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ ಗೊರಸಿನ ಗೋಡೆಯಿಂದ ಈಚೆ ಬರುತ್ತದೆ. ತಿರುಗಾಮುರುಗಾ ಹಿಡಿದರೆ ನೇರ ಜೀವದ ಭಾಗಕ್ಕೇ ಹೋಗುತ್ತದೆ. ಅಂಗಾಲನ್ನು ಮೇಲೆತ್ತಿ ಕೆರೆದಾಗ ಅಂಚಿನ ಒಳಗೆ ಸುತ್ತಲೂ ಒಂದು ಬಿಳಿ ಗೆರೆ ಕಾಣುತ್ತದಲ್ಲ, ಮೊಳೆ ಅದರ ಹೊರಗೇ ಇರಬೇಕು. ಅಲ್ಲಿ ಸಿಗುವ ಜಾಗ ಗೊರಸಿನ ಮುಂಭಾಗದಲ್ಲೇ ಒಂದು ಸೆಂಟಿಮೀಟರಿನ ಆಸುಪಾಸು, ಪಕ್ಕಗಳಿಗೆ ಬಂದಂತೆ ಇನ್ನೂ ತೆಳು. ಅಷ್ಟರೊಳಗೆ, ನಾನೂರು ಕಿಲೋ ತೂಗುವ, ನೊಣ ಕೂತರೂ ಕಾಲು ಎಳೆದುಕೊಳ್ಳುವ ಪ್ರಾಣಿಯ ಕಾಲನ್ನು ತೊಡೆಯ ನಡುವೆ ಇಟ್ಟುಕೊಂಡು, ಒಂದು ಕಾಲಿಗೆ ಆರೇಳು ಮೊಳೆ ಹೊಡೆಯಬೇಕು. ಕೈ ಪಳಗಿದವರು ಕಿವಿಯನ್ನೂ ಅಲ್ಲೇ ಇಟ್ಟಿರುತ್ತಾರೆ. ಗಟ್ಟಿ ಗೊರಸಿನಲ್ಲಿ ಹೋಗುವ ಮೊಳೆಯ ಮೇಲೆ ಸುತ್ತಿಗೆ ಬಿದ್ದರೆ ಟಣ್ ಎನ್ನುತ್ತದೆ, ಮೆತ್ತಗಿನ ಕಡೆ ಸರಿದರೆ ಸದ್ದು ಮಂಕಾಗುತ್ತದೆ. ಸದ್ದು ಬದಲಾದ ಕೂಡಲೇ ಮೊಳೆ ಹೊರಕ್ಕೆ ಎಳೆದುಬಿಡುತ್ತಾರೆ.

ಮೊಳೆ ಜೀವಕ್ಕೆ ಚುಚ್ಚಿದರೆ ಕುದುರೆ ಅಲ್ಲೇ ಕಾಲು ಕೊಡವುತ್ತದೆ, ಕಂಡುಹಿಡಿಯುವುದು ಸುಲಭ. ಚುಚ್ಚದೆ ಒತ್ತಿಕೊಂಡು ಕೂತ ಮೊಳೆ ಹೆಚ್ಚು ಕಾಡುತ್ತದೆ. ಅದು ಎರಡು ಮೂರು ದಿನ ಬಿಟ್ಟು, ಕೆಲವು ಸಲ ವಾರ ಕಳೆದು ಕುಂಟು ತರಿಸುತ್ತದೆ. ಲಾಳ ಕಟ್ಟಿಸಿದ ವಾರದಲ್ಲಿ ಕುಂಟು ಕಂಡರೆ ಗೊರಸಿನ ಮೇಲೆ ಅಂಗೈ ಇಟ್ಟು ನೋಡಿ, ಬೇರೆ ಮೂರು ಗೊರಸಿಗಿಂತ ಬಿಸಿಯಿದೆಯೇ? ಬಿಸಿಯಿದ್ದರೆ ಮೊದಲು ಲಾಳದವರಿಗೆ ಫೋನ್ ಮಾಡಿ, ಜೊತೆಗೆ ನಮಗೂ ಮಾಡಿ. ಇನ್ನೊಂದು ಮಾತು. ಧನುರ್ವಾಯು, ಅಂದರೆ ಟೆಟನಸ್, ಕುದುರೆಗೆ ತಗಲುವಷ್ಟು ಬೇಗ ಬೇರೆ ಯಾವ ಸಾಕುಪ್ರಾಣಿಗೂ ತಗಲುವುದಿಲ್ಲ. ಲಾಯದ ಮಣ್ಣಿನಲ್ಲೇ ಅದರ ರೋಗಾಣು ಇರುತ್ತದೆ, ಕಾಲಿನ ಮೊಳೆಗಾಯ ಅದಕ್ಕೆ ತೆರೆದ ಬಾಗಿಲು. ಟೆಟನಸ್ ಲಸಿಕೆ ಹಾಕಿಸದೆ ಲಾಳ ಕಟ್ಟಿಸುತ್ತಿರುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಈ ವಾರವೇ ಹಾಕಿಸಿ. ಲಾಳದ ಒಂದು ಸುತ್ತಿನ ಖರ್ಚಿನ ಮುಂದೆ ಆ ಲಸಿಕೆಯ ಬೆಲೆ ಏನೂ ಅಲ್ಲ.

ಹಳ್ಳಿಗಳಲ್ಲಿ ಕುದುರೆ ಇಟ್ಟವರು ಕೆಲವರು ಎತ್ತಿಗೆ ಲಾಳ ಹೊಡೆಯುವವರನ್ನೇ ಕರೆಸುತ್ತಾರೆ. ಹತ್ತಿರದಲ್ಲಿರುತ್ತಾರೆ, ಕಡಿಮೆಗೆ ಆಗುತ್ತದೆ. ಆ ಕೆಲಸದವರ ಬಗ್ಗೆ ನನಗೆ ಬಹಳ ಗೌರವವಿದೆ. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕು ಕಾಲು ಕೂಡಿಸಿ ಕಟ್ಟಿ, ಸೀಳುಗೊರಸಿನ ಒಂದೊಂದು ಹೋಳಿಗೂ ಒಂದೊಂದರಂತೆ ಎಂಟು ಪಟ್ಟಿ ಹೊಡೆದು ಎಬ್ಬಿಸುವುದು ನೋಡಲೇಬೇಕಾದ ಕೈಚಳಕ. ಆದರೆ ಆ ಲೆಕ್ಕ ಬೇರೆ. ಎತ್ತಿನ ಗೊರಸಿನ ಗೋಡೆ ಬೇರೆ, ಮೊಳೆ ಹೋಗುವ ಕೋನ ಬೇರೆ. ಕುದುರೆಯನ್ನು ನಿಲ್ಲಿಸಿಯೇ ಕಟ್ಟಬೇಕು, ಅದು ನಡೆಯುವುದನ್ನು ಎದುರಿನಿಂದಲೂ ಪಕ್ಕದಿಂದಲೂ ನೋಡಿ ಯಾವ ಕಾಲಿನ ಯಾವ ಮಗ್ಗುಲು ಹೆಚ್ಚು ಸವೆದಿದೆ ಎಂದು ಅಳೆದು ಕಟ್ಟಬೇಕು. ಅಳತೆಗೆ ತಕ್ಕ ಲಾಳ ಬಿಸಿ ಮಾಡಿಯೋ ತಣ್ಣಗೆ ಬಡಿದೋ ಗೊರಸಿಗೆ ಹೊಂದಿಸುವುದೇ ಕೆಲಸ. ಲಾಳ ಚಿಕ್ಕದಾಯಿತೆಂದು ಗೊರಸಿನ ಮುಂಭಾಗವನ್ನು ಅರದಿಂದ ಉಜ್ಜಿ ಲಾಳಕ್ಕೆ ಹೊಂದಿಸುವವರು ಸಿಕ್ಕರೆ ಅವರಿಗೆ ಮತ್ತೆ ಕುದುರೆ ಒಪ್ಪಿಸಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಕುದುರೆಗೆ ಲಾಳ ಬೇಕೇ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಖರ್ಚು ನಿಜವಾಗಿ ತಗ್ಗುವುದು ಇಲ್ಲಿ. ಬೆಳಗಾವಿ ಕಡೆಯ ಕುರಿಗಾಹಿಗಳು ಮಂದೆಯ ಜೊತೆ ಸಾಮಾನು ಹೊರಿಸಿಕೊಂಡು ಹೋಗುವ ಸಣ್ಣ ಕುದುರೆಗಳನ್ನು ನೋಡಿದ್ದೀರಿ. ಲಾಳವಿಲ್ಲದೆ ಹೊಲ, ಬೋರೆ, ಮಣ್ಣುದಾರಿಯಲ್ಲಿ ದಿನವೆಲ್ಲ ನಡೆಯುವ ಅಂಥ ಕುದುರೆಗಳ ಗೊರಸು ಎತ್ತಿ ನೋಡಿದ್ದೇನೆ, ಎಷ್ಟು ಗಟ್ಟಿಯಾಗಿ, ಎಷ್ಟು ದುಂಡಗೆ ಇರುತ್ತವೆ! ತೋಟದ ಮಣ್ಣಿನಲ್ಲಿ, ಮರಳಿನ ಅಂಕಣದಲ್ಲಿ ವಾರಕ್ಕೆ ಮೂರು ನಾಲ್ಕು ದಿನ ಸವಾರಿ ಮಾಡುವ ಕುದುರೆಗೆ ಲಾಳ ಇಲ್ಲದಿದ್ದರೂ ನಡೆಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಅರ ಹಾಕಿಸಿದರೆ ಸಾಕು, ಅದಕ್ಕೆ ಲಾಳ ಕಟ್ಟುವಷ್ಟು ದುಡ್ಡಾಗುವುದಿಲ್ಲ. ವರ್ಷಗಟ್ಟಲೆ ಲಾಳದಲ್ಲೇ ಇದ್ದ ಕುದುರೆಯಿಂದ ಒಮ್ಮೆಲೇ ಕಿತ್ತು ಕಲ್ಲುದಾರಿಗೆ ಬಿಡಬೇಡಿ. ಅಂಗಾಲು ಗಟ್ಟಿಯಾಗಲು ಕೆಲವು ತಿಂಗಳು ಬೇಕು. ಇನ್ನು ಕುದುರೆ ತನ್ನ ತೂಕದ ನೂರಕ್ಕೆ ಅರುವತ್ತರಷ್ಟನ್ನು ಮುಂಗಾಲಿನ ಮೇಲೆ ಹಾಕುವುದರಿಂದ, ಎಷ್ಟೋ ಕುದುರೆಗಳಿಗೆ ಮುಂಗಾಲಿಗೆ ಮಾತ್ರ ಲಾಳ ಸಾಕಾಗುತ್ತದೆ. ಖರ್ಚು ಅರ್ಧಕ್ಕೆ ಇಳಿಯುತ್ತದೆ. ನಾಲ್ಕಾರು ಕುದುರೆಗಳನ್ನು ಒಟ್ಟಿಗೆ ಬಯಲಿಗೆ ಬಿಡುವವರಿಗೆ ಇನ್ನೂ ಒಂದು ಲಾಭ, ಒಂದನ್ನೊಂದು ಒದ್ದುಕೊಂಡರೂ ಕಬ್ಬಿಣದ ಏಟು ಬೀಳುವುದಿಲ್ಲ.

ಟಾಂಗಾ ಕುದುರೆಗೆ ಈ ಸೌಲಭ್ಯ ಇಲ್ಲ. ದಿನವಿಡೀ ಟಾರು, ಕಾಂಕ್ರೀಟು. ಗೊರಸು ಬೆಳೆಯುವುದಕ್ಕಿಂತ ಬೇಗ ಲಾಳವೇ ಸವೆದು ಬ್ಲೇಡಿನಂತಾಗಿರುತ್ತದೆ, ಅವರಿಗೆ ಮೂರು ನಾಲ್ಕು ವಾರಕ್ಕೇ ಹೊಸದು ಬೇಕಾಗುತ್ತದೆ. ನುಣುಪಾದ ಕಬ್ಬಿಣ ಮಳೆಯಲ್ಲಿ ಜಾರುವುದೂ ದೊಡ್ಡ ಅಪಾಯ. ಲಾಳದ ತಳಕ್ಕೆ ಟಂಗ್‌ಸ್ಟನ್ ಕಾರ್ಬೈಡಿನ ಚುಕ್ಕೆ ಬೆಸುಗೆ ಹಾಕಿಸಿದರೆ ಸವೆತ ಕಡಿಮೆ, ಹಿಡಿತವೂ ಜಾಸ್ತಿ. ಆದರೆ ಜಾರದ ಕಾಲಿಗೆ ಪ್ರತಿ ಹೆಜ್ಜೆಯ ಏಟು ನೇರ ಕಾಲಿನ ಕೀಲಿಗೆ ತಗಲುತ್ತದೆ, ಆದ್ದರಿಂದ ಚುಕ್ಕೆಗಳು ಎರಡು ಮೂರಕ್ಕಿಂತ ಹೆಚ್ಚಿರಬಾರದು, ನಾಲ್ಕೂ ಕಾಲಿಗೆ ಸಮನಾಗಿರಬೇಕು. ರೇಸ್ ಕುದುರೆಗಳ ಅಲ್ಯೂಮಿನಿಯಂ ಲಾಳ ನೋಡಿ ಹಗುರ ಎಂದು ಕೆಲವರು ಆಸೆಪಡುತ್ತಾರೆ. ಅದು ರೇಸಿನ ಹುಲ್ಲಿಗೆ ಮಾಡಿದ್ದು, ರಸ್ತೆಯಲ್ಲಿ ಬಹಳ ಬೇಗ ಸವೆದುಹೋಗುತ್ತದೆ.

ಒಬ್ಬರು ಆಗಲೇ ಕೈ ಎತ್ತಿದ್ದರು. ಹಳೆಯ ಲಾಳವನ್ನೇ ಮತ್ತೆ ಕಟ್ಟಿದರೆ ಅರ್ಧ ದುಡ್ಡು ಕೊಡಬಹುದಲ್ಲ ಎಂದು ಕೇಳುತ್ತಿದ್ದಾರೆ. ಮಣ್ಣಿನಲ್ಲಿ ಕೆಲಸ ಮಾಡುವ ಕುದುರೆಯ ಲಾಳ ಆರು ವಾರಕ್ಕೆ ಅಷ್ಟೇನೂ ಸವೆದಿರುವುದಿಲ್ಲ, ಒಂದು ಸಲ ಮತ್ತೆ ಕಟ್ಟಬಹುದು, ಖಂಡಿತ ಕೇಳಿ ಕಟ್ಟಿಸಿಕೊಳ್ಳಿ. ಆದರೆ ಉಳಿಯುವುದು ಕಬ್ಬಿಣದ ಬೆಲೆ ಮಾತ್ರ. ಕೀಳುವುದು, ಕತ್ತರಿಸುವುದು, ಅರ ಹಾಕುವುದು, ಹೊಂದಿಸುವುದು, ಮೊಳೆ ಹೊಡೆಯುವುದು ಎಲ್ಲ ಅಷ್ಟೇ ಇರುತ್ತದೆ. ಅರ್ಧ ಎಂದು ಚೌಕಾಸಿ ಮಾಡಬೇಡಿ.

ಕೂಲಿಯಲ್ಲಿ ದೊಡ್ಡ ಪಾಲು ತಿನ್ನುವುದು ಪ್ರಯಾಣ. ಬೆಂಗಳೂರು, ಮೈಸೂರಿನಲ್ಲಿ ರೇಸ್‌ಕೋರ್ಸಿನ ಲಾಯಗಳಲ್ಲಿ ಕೆಲಸ ಮಾಡುವವರೇ ಬಿಡುವಿನಲ್ಲಿ ಹೊರಗೂ ಬರುತ್ತಾರೆ. ನಲವತ್ತು ಕಿಲೋಮೀಟರು ಬೈಕಿನಲ್ಲಿ ಸುತ್ತಿಗೆ, ಇಕ್ಕಳ, ಅಡಿಗಲ್ಲು ಹೊತ್ತು ಒಂದೇ ಕುದುರೆಗೆ ಬಂದುಹೋದರೆ ಅವರಿಗೆ ಅರ್ಧ ದಿನ ಮುಗಿಯಿತು. ಆ ಅರ್ಧ ದಿನವನ್ನು ನಿಮ್ಮ ಒಂದು ಕುದುರೆಯೇ ಹೊರಬೇಕು. ಅಕ್ಕಪಕ್ಕದ ತೋಟಗಳಲ್ಲಿ ಐದು ಕುದುರೆ ಇದ್ದರೆ ಒಂದೇ ದಿನ ಗೊತ್ತು ಮಾಡಿ, ಒಂದೇ ಲಾಯಕ್ಕೆ ತಂದು ನಿಲ್ಲಿಸಿ, ಪೆಟ್ರೋಲನ್ನು ಐದಾಗಿ ಹಂಚಿಕೊಳ್ಳಿ. ನೆರಳು, ಸಮನಾದ ಒಣ ನೆಲ, ಕುಡಿಯಲು ನೀರು, ಊಟದ ಹೊತ್ತಾದರೆ ಊಟ, ಇಷ್ಟು ಇದ್ದ ಕಡೆಗೆ ಯಾರೂ ಬರಲು ಹಿಂಜರಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಕುದುರೆ ಕಾಲು ಕೊಡುವುದನ್ನು ಕಲಿತಿರಬೇಕು. ಸುಮ್ಮನೆ ನಿಲ್ಲುವ ಕುದುರೆಗೆ ಒಂದು, ಒಂದೂವರೆ ಗಂಟೆಯಲ್ಲಿ ನಾಲ್ಕು ಕಾಲಿಗೂ ಲಾಳ ಕಟ್ಟಬಹುದು. ಒದೆಯುವ, ಮೈಮೇಲೆ ವಾಲುವ ಕುದುರೆಗೆ ಅದರ ಎರಡರಷ್ಟು ಹೊತ್ತು, ಹಿಡಿಯಲು ಇಬ್ಬರು, ಮೂಗಿಗೆ ಹಗ್ಗ, ಕೆಲವು ಸಲ ನಾನು ಬಂದು ಮಂಪರಿನ ಇಂಜೆಕ್ಷನ್. ಆ ಖರ್ಚೆಲ್ಲ ನಿಮ್ಮದೇ. ಕಲಿಸುವುದಕ್ಕೆ ದುಡ್ಡು ಬೇಡ. ಮರಿ ಹುಟ್ಟಿದ ಮೊದಲ ವಾರಗಳಿಂದಲೇ ದಿನವೂ ಮೈ ಸವರುತ್ತಾ ಕೈಯನ್ನು ಕಾಲಿನ ಕೆಳಗಿನವರೆಗೆ ಇಳಿಸಿ, ಒಂದು ಕ್ಷಣ ಎತ್ತಿ, ಅದು ಎಳೆದುಕೊಳ್ಳುವ ಮುಂಚೆ ನೀವೇ ಇಳಿಸಿ. ದೊಡ್ಡ ಕುದುರೆ ಕೊಂಡವರು ಅದನ್ನು ನೋಡಿಕೊಳ್ಳುವ ಸೈಸ್‌ಗೆ ಹೇಳಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನಾಲ್ಕೂ ಕಾಲೆತ್ತಿ ಅಂಗಾಲಿನ ಮಣ್ಣು ಕೆರೆದು ತೆಗೆಯಲಿ. ಕಾಲು ಕೊಡುವ ಅಭ್ಯಾಸವೂ ಆಯಿತು, ಗೊರಸಿನ ಆರೋಗ್ಯವೂ ಆಯಿತು. ಅಂಗಾಲಿನ ನಡುವೆ ಮೂರು ಮೂಲೆಯ ಮೆತ್ತನೆಯ ಭಾಗ ಇದೆಯಲ್ಲ, ಫ್ರಾಗ್ ಎನ್ನುತ್ತೇವೆ, ಅದರ ಸಂದಿನಲ್ಲಿ ಕಪ್ಪಗೆ ಲೋಳೆಯಾಗಿ ಕೆಟ್ಟ ವಾಸನೆ ಬಂದರೆ ಲದ್ದಿ, ಗಂಜಳದ ತೇವದಲ್ಲಿ ಕುದುರೆ ನಿಂತಿದೆ ಎಂದರ್ಥ. ಮೈಲುತುತ್ತದ ನೀರು ಅದಕ್ಕೆ ಹಳೆಯ ಮದ್ದು, ಆದರೆ ನೆಲ ಒಣಗದೆ ಯಾವ ಮದ್ದೂ ನಿಲ್ಲದು. ಮಳೆಗಾಲದಲ್ಲಿ ಗೊರಸು ನೆನೆದು, ಮತ್ತೆ ಒಣಗಿ, ಮತ್ತೆ ನೆನೆದು ಮೊಳೆಯ ತೂತುಗಳು ಸಡಿಲವಾಗುತ್ತವೆ. ಲಾಳ ಹೆಚ್ಚು ಕಳಚುವುದು ಆಗಲೇ. ಲಾಯದ ನೆಲ ಎರಡು ಇಂಚು ಎತ್ತರಿಸಿ ನೀರು ಹರಿದುಹೋಗುವಂತೆ ಮಾಡಿದರೆ ಅದು ಲಾಳದ ಖರ್ಚಿನಲ್ಲೇ ವಾಪಸ್ಸು ಬರುತ್ತದೆ. ಗೊರಸು ಪುಡಿಪುಡಿಯಾಗುವ ಕುದುರೆಗೆ ದಿನಕ್ಕೆ 20 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ಕೊಡುವುದರಿಂದ ಗುಣ ಕಾಣುತ್ತದೆ. ಆದರೆ ಹೊಸ ಗೊರಸು ಕೆಳಗಿಳಿಯುವವರೆಗೆ, ಒಂಬತ್ತು ತಿಂಗಳಾದರೂ ಬಿಡದೆ ಕೊಡಬೇಕು. ಒಂದು ಡಬ್ಬ ಮುಗಿಸಿ ಏನೂ ಆಗಲಿಲ್ಲ ಎನ್ನುವವರು ಕೊಟ್ಟ ದುಡ್ಡೂ ಹಾಳು.

ಲಾಳ ಕಟ್ಟುವವರು ಕಡಿಮೆಯಾಗುತ್ತಿದ್ದಾರೆ, ಇದು ನನ್ನನ್ನು ಬಹಳ ಕಾಡುವ ವಿಷಯ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು, 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದಿದ್ದವು. ಕುದುರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದ ಮೇಲೆ ಮಗನಿಗೆ ಈ ಕೆಲಸ ಯಾರು ಕಲಿಸುತ್ತಾರೆ? ಬ್ರಿಟನ್ನಿನಲ್ಲಿ 1975ರ ಕಾಯ್ದೆ ಪ್ರಕಾರ ನೋಂದಾಯಿತ ಕೆಲಸಗಾರರಲ್ಲದೆ ಬೇರೆಯವರು ಲಾಳ ಕಟ್ಟುವಂತಿಲ್ಲ, ತನ್ನ ಕುದುರೆಗೆ ತಾನೇ ಕಟ್ಟುವಂತೆಯೂ ಇಲ್ಲ. ಅಲ್ಲಿ ದರ ಹೆಚ್ಚು, ಆದರೆ ವರ್ಷಗಟ್ಟಲೆ ಗುರುವಿನ ಕೈಕೆಳಗೆ ಕಲಿತವರೇ ಬರುತ್ತಾರೆ. ನಮ್ಮಲ್ಲಿ ಹಾಗೆ ಕ್ರಮವಾಗಿ ಕಲಿಸುವುದು ಮುಖ್ಯವಾಗಿ ಸೈನ್ಯ, ಅದರ ಪ್ರಾಣಿಗಳನ್ನು ನೋಡಿಕೊಳ್ಳುವ ರೀಮೌಂಟ್ ವೆಟರಿನರಿ ಕೋರ್‌ನ ಮೀರತ್ ಕೇಂದ್ರದಲ್ಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ನಗರ ಗೆದ್ದ ಅಶ್ವದಳಗಳಲ್ಲಿ ನಮ್ಮ ಮೈಸೂರಿನದೂ ಒಂದು. ಅದರ ಮುಂದೆ ಹೋದಾಗಲೆಲ್ಲ ನನಗೆ ಆ ಕುದುರೆಗಳ ಕಾಲು ನೋಡಿಕೊಂಡವರ ನೆನಪಾಗುತ್ತದೆ. ಲಾಳ ಕಟ್ಟುವವರು ಜೊತೆಯಲ್ಲಿಲ್ಲದೆ ಆ ಕಾಲದ ಯಾವ ಅಶ್ವದಳವೂ ಹೊರಡುತ್ತಿರಲಿಲ್ಲ. ವಿಷಯ ಸ್ವಲ್ಪ ಆಚೆ ಹೋಯಿತು, ಆದರೆ ಈ ಕೆಲಸಕ್ಕೆ ಎಂಥ ಬೆಲೆ ಇತ್ತು ಎಂದು ತಿಳಿದಿರಲಿ ಎಂದು ಹೇಳಿದೆ. ನಲವತ್ತು ದಾಟುವ ಹೊತ್ತಿಗೆ ಸೊಂಟ ಹೋಗುವ ಕೆಲಸ ಇದು, ಒಂದು ಒದೆ ಬಿದ್ದರೆ ತಿಂಗಳ ಸಂಪಾದನೆ ಇಲ್ಲ. ನಿಮ್ಮ ಲಾಳದವರು ಹುಡುಗನೊಬ್ಬನನ್ನು ಜೊತೆಗೆ ಕರೆತಂದರೆ ಅವನ ಕೈಗೂ ಏನಾದರೂ ಕೊಡಿ. ಮುಂದಿನ ಹತ್ತು ವರ್ಷ ನಿಮ್ಮ ಕುದುರೆಗೆ ಬರಬೇಕಾದವನು ಅವನೇ.

ಕೊನೆಗೆ, ದಿನ ಗೊತ್ತು ಮಾಡುವ ವಿಷಯ. ಕೆಲಸ ಮುಗಿಸಿ ಕೈ ತೊಳೆಯುತ್ತಿರುವಾಗಲೇ ಮುಂದಿನ ತಾರೀಖು ಕೇಳಿ, ಲಾಯದ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದುಡ್ಡು ಅವತ್ತೇ ಕೊಡಿ. ನಡುವೆ ಒಂದು ಲಾಳ ಅರ್ಧ ಕಳಚಿ ಜೋತುಬಿದ್ದರೆ ಕುದುರೆಯನ್ನು ಇದ್ದಲ್ಲೇ ನಿಲ್ಲಿಸಿ, ಗೊರಸಿನ ಹೊರಮೈ ಮೇಲೆ ಬಾಗಿದ ಮೊಳೆಯ ತುದಿಗಳನ್ನು ಬಿಡಿಸಿ ಲಾಳವನ್ನು ಪೂರ್ತಿ ತೆಗೆದುಬಿಡಿ, ಇಲ್ಲದಿದ್ದರೆ ಅದರ ಮೊಳೆಯನ್ನೇ ತುಳಿದುಕೊಳ್ಳುತ್ತದೆ. ಗೊರಸಿಗೆ ದಪ್ಪ ಹತ್ತಿ, ಮೇಲೆ ಗೋಣಿ ಬಟ್ಟೆ ಸುತ್ತಿ ಕಟ್ಟಿ. ನೀವಾಗಿ ಒಂದೂ ಮೊಳೆ ಹೊಡೆಯಬೇಡಿ. ಕಳಚಿದ ಲಾಳವನ್ನು ಗುಜರಿಗೂ ಕೊಡಬೇಡಿ, ಬಾಗಿಲಿಗೂ ಹೊಡೆಯಬೇಡಿ. ಬಾಗಿರದಿದ್ದರೆ ಅದನ್ನೇ ಮತ್ತೆ ಕಟ್ಟಬಹುದು, ಲಾಳದವರು ಬರುವವರೆಗೆ ಎತ್ತಿಡಿ.